ಆರ್ವೆನ್, ಎಲನೋರ್, ಖಲೀಸಿ: ಕಲ್ಪಿತ ಭಾಷೆಗಳಿಂದ ಹೆಸರು ಆರಿಸುವವರಿಗೆ

ತಂಗಿ ಶಿವಮೊಗ್ಗದಲ್ಲಿ ಬಾಣಂತನದಲ್ಲಿದ್ದಳು, ನಾನು ಬೆಂಗಳೂರಿನಲ್ಲಿ. ನಾಮಕರಣಕ್ಕೆ ಇನ್ನು ನಾಲ್ಕೇ ದಿನ ಅನ್ನುವಾಗ ವಾಟ್ಸ್‌ಆ್ಯಪ್‌ನಲ್ಲಿ ಐದು ಹೆಸರು ಕಳಿಸಿದಳು. ಆರ್ವೆನ್, ಎಲನೋರ್, ನಿಯೆನೋರ್, ಖಲೀಸಿ, ವನ್ಯಾ. ಕೆಳಗೆ ಒಂದೇ ಸಾಲು: "ಯಾವ್ದು ಇಡೋಣ, ಬೇಗ ಹೇಳಣ್ಣ." ಐದೂ ಕಿವಿಗೆ ಇಂಪಾಗಿವೆ. ಆದರೆ ಫೋನ್ ಮಾಡಿದಾಗ ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು. "ಅದೆಲ್ಲ ಸರಿ, ಅರ್ಥ ಏನಂತೆ?"

ಅಜ್ಜಿ ಕೇಳಿದ್ದೇ ಸರಿಯಾದ ಪ್ರಶ್ನೆ. ಆರ್ವೆನ್ ಅಂದರೆ ಘನತೆಯುಳ್ಳ ಹುಡುಗಿ. ಎಲನೋರ್ ಅಂದರೆ ಸೂರ್ಯ-ನಕ್ಷತ್ರ. ನಿಯೆನೋರ್ ಅಂದರೆ ಶೋಕ. ಖಲೀಸಿ ಹೆಸರೇ ಅಲ್ಲ, ಅದೊಂದು ಪದವಿ. ವನ್ಯಾಗೆ ಅಲ್ಲಿ ಒಂದು ಅರ್ಥ, ಇಲ್ಲಿ ಇನ್ನೊಂದು. ಐದನ್ನೂ ಬಿಡಿಸಿ ಹೇಳುವಷ್ಟರಲ್ಲಿ ತಂಗಿಯ ಪಟ್ಟಿ ಎರಡಕ್ಕೆ ಇಳಿದಿತ್ತು.

ಇಂಥದೇ ಪ್ರಶ್ನೆ ಹೊತ್ತು ಬರುವವರು ಈಗ ಜಾಸ್ತಿ. ಕೆಲವರಿಗೆ ಮಗುವಿಗೆ ಬೇಕು. ಕೆಲವರು ಕನ್ನಡದಲ್ಲಿ ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದಾರೆ. ಇನ್ನು ಕೆಲವರಿಗೆ ಮನೆಯ ಬೋರ್ಡಿಗೋ ಬೆಕ್ಕಿಗೋ ಬೇಕು. ಎಲ್ಲರಿಗೂ ಒಂದೇ ಭಾಷೆ ಹೊಂದುವುದಿಲ್ಲ. ಯಾವುದು ಯಾರಿಗೆ ಅನ್ನುವುದನ್ನು ನಾನು ಅಳೆಯುವ ರೀತಿ ಇದು.

ಮೊದಲು ಏನೇನು ನೋಡಬೇಕು

ಎಲ್ಲಕ್ಕಿಂತ ಮುಖ್ಯ: ಆ ಅರ್ಥವನ್ನು ಕೊಟ್ಟವರು ಯಾರು? ಭಾಷೆ ಕಟ್ಟಿದವರೇ ಬರೆದಿಟ್ಟಿದ್ದಾರಾ, ಅಥವಾ ಇಂಟರ್ನೆಟ್ಟಿನಲ್ಲಿ ಯಾರೋ ಸುಮ್ನೆ ಹಾಕಿದ್ದಾ? ನಿಮ್ಮ ಹೆಸರು ಟೈಪ್ ಮಾಡಿದರೆ "ಎಲ್ಫ್ ಹೆಸರು" (ಎಲ್ಫರು ಅಂದರೆ ಫ್ಯಾಂಟಸಿ ಕಥೆಗಳ ಅಮರ ಜನ) ಕೊಡುವ ಪುಟಗಳು ಬೇಕಾದಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಮೊದಲೇ ಬರೆದಿಟ್ಟ ಪಟ್ಟಿಯಿಂದ ಒಂದನ್ನು ಎತ್ತಿ ಕೊಡುತ್ತವೆ, ಅಷ್ಟೇ. ನನ್ನ ಗೆಳೆಯರೊಬ್ಬರು ಹಾಗೆ ಸಿಕ್ಕ ಹೆಸರನ್ನು ಮದುವೆಯ ಉಂಗುರದ ಒಳಬದಿಗೆ ಕೆತ್ತಿಸಿದ್ದರು. ಆಮೇಲೆ ಅದರ ಅರ್ಥ ಬಿಡಿಸಿ ಕೊಡು ಅಂತ ನನಗೆ ತೋರಿಸಿದರು. ಬಿಡಿಸುವುದಕ್ಕೆ ಅದರೊಳಗೆ ಏನೂ ಇರಲಿಲ್ಲ. ಅದನ್ನು ಹೇಳುವಾಗ ನನಗೇ ಸಂಕಟವಾಯಿತು. ಕೊನೆಗೆ ಅಕ್ಕಸಾಲಿಗರ ಹತ್ತಿರ ಕೊಟ್ಟು ತೇಯಿಸಿ, ಹೊಸದಾಗಿ ಬರೆಸಿದರು.

ಎರಡನೆಯದು, ಅದು ಹೆಸರೋ ಬಿರುದೋ ಅಂತ ನೋಡಬೇಕು. ಮೂರನೆಯದು, ಕನ್ನಡದ ನಾಲಿಗೆಗೂ ಲಿಪಿಗೂ ಅದು ಒಗ್ಗಬೇಕು. ಹೆಸರನ್ನು ದಿನಾ ಕರೆಯಬೇಕು, ಅದಕ್ಕೆ ವಿಭಕ್ತಿ ಹಚ್ಚಬೇಕು. "ಎಲನೋರ್‌ಗೆ ಊಟ ಆಯ್ತಾ" ಅಂತ ಬಾಯಿಬಿಟ್ಟು ಹತ್ತು ಸಲ ಹೇಳಿ ನೋಡಿ. ನಾಲ್ಕನೆಯದು, ಆ ಹೆಸರು ಕಥೆಯಲ್ಲಿ ಯಾರದಾಗಿತ್ತು, ಅವರ ಬಾಳು ಏನಾಯಿತು. ಕೊನೆಯದಾಗಿ, ನಿಮ್ಮ ಹತ್ತಿರ ಎಷ್ಟು ಸಮಯ, ಎಷ್ಟು ದುಡ್ಡು ಇದೆ ಅನ್ನುವುದು. ಕೆಲವು ಭಾಷೆಗಳಲ್ಲಿ ಒಂದು ಸಂಜೆ ಸಾಕು. ಕೆಲವು ತಿಂಗಳುಗಟ್ಟಲೆ ಓದು ಕೇಳುತ್ತವೆ.

ಕ್ವೆನ್ಯಾ ಮತ್ತು ಸಿಂದಾರಿನ್

ಅಜ್ಜಿಯ ಪ್ರಶ್ನೆಗೆ ಎಲ್ಫರು ಆಡುವ ಇವೆರಡರಷ್ಟು ಚೆನ್ನಾಗಿ ಉತ್ತರ ಕೊಡುವ ಕಲ್ಪಿತ ಭಾಷೆ ನನಗೆ ಗೊತ್ತಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದ, ಲಾರ್ಡ್ ಆಫ್ ದಿ ರಿಂಗ್ಸ್ ಕಾದಂಬರಿ ಬರೆದ ಜೆ.ಆರ್.ಆರ್. ಟೋಲ್ಕಿನ್ 1915ರ ಸುಮಾರಿಗೆ ಕ್ವೆನ್ಯಾದ ಮೊದಲ ಪದಕೋಶ ಬರೆಯತೊಡಗಿದರು. 1973ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ತಿದ್ದುತ್ತಲೇ ಇದ್ದರು. ಕ್ವೆನ್ಯಾದ ಹಿಂದೆ ಫಿನ್ನಿಶ್‌ನ ನಾದ ಇದೆ, ಸಿಂದಾರಿನ್‌ನ ಹಿಂದೆ ವೆಲ್ಶ್. ಕಥೆ ಬರೆದು ಅದಕ್ಕೆ ಭಾಷೆ ಅಂಟಿಸಿದವರಲ್ಲ ಅವರು. ಭಾಷೆ ಮೊದಲು, ಆ ಭಾಷೆ ಬದುಕುವುದಕ್ಕೆ ಒಂದು ಲೋಕ ಆಮೇಲೆ. ಹೀಗಾಗಿ ಈ ಹೆಸರುಗಳನ್ನು ನಮ್ಮ ಚಂದ್ರಶೇಖರ, ರಾಮದಾಸದ ಹಾಗೆ ಬಿಡಿಸಬಹುದು.

ಒಂದು ಮನೆಯ ಮೂವರನ್ನೇ ತೆಗೆದುಕೊಳ್ಳಿ. ಅಪ್ಪ ಎಲೆಂದಿಲ್, ಮಕ್ಕಳು ಇಸಿಲ್ದುರ್ ಮತ್ತು ಅನಾರಿಯೋನ್. ಕ್ವೆನ್ಯಾದಲ್ಲಿ ಎಲೆನ್ ಅಂದರೆ ನಕ್ಷತ್ರ, ಇಸಿಲ್ ಅಂದರೆ ಚಂದ್ರ, ಅನಾರ್ ಅಂದರೆ ಸೂರ್ಯ. ಕೊನೆಗೆ ಬರುವ 'ದಿಲ್' ಪ್ರೀತಿಸುವವನು. 'ದುರ್' ಸೇವೆಗೆ ನಿಂತವನು. 'ಇಯೋನ್' ಮಗ. ಅಂದರೆ ನಕ್ಷತ್ರಪ್ರಿಯನಿಗೆ ಒಬ್ಬ ಚಂದ್ರದಾಸ, ಒಬ್ಬ ಸೂರ್ಯಪುತ್ರ. ಎಲೆಂದಿಲ್‌ಗೆ "ಎಲ್ಫರ ಗೆಳೆಯ" ಅನ್ನುವ ಅರ್ಥವೂ ಇದೆ. ಎರಡೂ ಟೋಲ್ಕಿನ್ ಬೇಕೆಂದೇ ಇಟ್ಟವು. ಇದನ್ನು ಮೊದಲ ಸಲ ಬಿಡಿಸಿದಾಗ ನನಗೆ ಆದ ಸಂತೋಷ ಇನ್ನೂ ನೆನಪಿದೆ.

ಎಲ್ಲ ಹೆಸರೂ ಹೀಗೆ ಭಾಷೆಯೊಳಗಿಂದಲೇ ಹುಟ್ಟಿದ್ದಲ್ಲ. ಎಯಾರೆಂದಿಲ್ ಅನ್ನುವುದನ್ನು ನೋಡಿ. ಹಳೆಯ ಇಂಗ್ಲಿಷಿನ ಒಂದು ಭಕ್ತಿಕಾವ್ಯದಲ್ಲಿ ಎಯಾರೆಂದೆಲ್ ಅನ್ನುವ ಪದ ಟೋಲ್ಕಿನ್ ಕಣ್ಣಿಗೆ ಬಿತ್ತು. ಅದರ ಚೆಲುವಿಗೆ ಮನಸೋತು 1914ರಲ್ಲೇ ಪದ್ಯ ಬರೆದರು. ಆಮೇಲೆ ತಮ್ಮ ಭಾಷೆಯೊಳಗೆ ಅದಕ್ಕೊಂದು ಮನೆ ಕಟ್ಟಿದರು. ಈಗ ಅದರ ಅರ್ಥ ಕಡಲನ್ನು ಪ್ರೀತಿಸುವವನು. ಇನ್ನು ಗ್ಯಾಂಡಾಲ್ಫ್, ಥೋರಿನ್ ಮುಂತಾದವು ಹಳೆಯ ನಾರ್ಸ್ ಕಾವ್ಯದ ಕುಳ್ಳರ ಪಟ್ಟಿಯಿಂದ ಬಂದವು. ಏಯೋವಿನ್ ಹಳೆಯ ಇಂಗ್ಲಿಷ್ ಹೆಸರು. ಅದರಲ್ಲಿ ಕುದುರೆ ಮತ್ತು ಆನಂದ ಅನ್ನುವ ಎರಡು ಪದ ಸೇರಿವೆ. "ಇದು ಎಲ್ಫರ ಹೆಸರು" ಅಂತ ಯಾರಾದರೂ ಇವುಗಳನ್ನು ಕೊಟ್ಟರೆ ನಂಬಬೇಡಿ.

ಸಿಂದಾರಿನ್ ಕಲಿಯಲು ಸ್ವಲ್ಪ ಕಷ್ಟ. ಪದ ಪದ ಸೇರುವಾಗ ಎರಡನೆಯ ಪದದ ಮೊದಲ ವ್ಯಂಜನ ಬದಲಾಗುತ್ತದೆ. ಇಂಗ್ಲಿಷ್ ಓದುಗರು ಇಲ್ಲಿ ತಲೆ ಕೆಡಿಸಿಕೊಳ್ಳುತ್ತಾರೆ. ನಮಗೆ ಇದು ಶಾಲೆಯಲ್ಲಿ ಕಲಿತ ಆದೇಶ ಸಂಧಿ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಕ ತ ಪ ಹೋಗಿ ಗ ದ ಬ ಬರುತ್ತದೆ ಅಲ್ವಾ? ಸಿಂದಾರಿನ್‌ನಲ್ಲೂ ಹಾಗೇ. 'ತಿರ್' ಅಂದರೆ ಕಾಯುವುದು. ಮಿನಾಸ್ ತಿರಿಥ್ ಅಂದರೆ ಕಾವಲಿನ ಗೋಪುರ. ತಲಾಥ್ ದಿರ್ನೆನ್ ಅಂದರೆ ಕಾವಲಿರುವ ಬಯಲು. ಅದೇ 'ತಿರ್' ಇಲ್ಲಿ 'ದಿರ್' ಆಗಿದೆ. ಗ ಬಂದರೆ ಅದು ಪೂರ್ತಿ ಬಿದ್ದೇ ಹೋಗುತ್ತದೆ. 'ಅರ್' ಅಂದರೆ ಘನತೆಯುಳ್ಳ, 'ಗ್ವೆನ್' ಅಂದರೆ ಹುಡುಗಿ. ಸೇರಿದರೆ ಆರ್ವೆನ್. ಈ ಸಂಧಿ ಗೊತ್ತಿಲ್ಲದೆ ಪದಕೋಶದಿಂದ ಎರಡು ಪದ ತೆಗೆದು ಅಂಟಿಸಿದರೆ ಹೆಸರು ತಪ್ಪಾಗುತ್ತದೆ.

ಕಿವಿಗೆ ಒಂದೇ ಎನಿಸುವ ಪದಗಳ ಬಗ್ಗೆಯೂ ಎಚ್ಚರ ಬೇಕು. ಗಲಾದ್ರಿಯೆಲ್ ಅನ್ನುವ ಹೆಸರಿನಲ್ಲಿ 'ಗಲದ್' ಅಂದರೆ ಕಾಂತಿ. ಹೊಳೆಯುವ ಮಾಲೆ ಮುಡಿದ ಕನ್ಯೆ ಅನ್ನುವುದು ಪೂರ್ತಿ ಅರ್ಥ. ಅವಳ ಕೂದಲಿಗೆ ಒಪ್ಪುವಂತೆ ಅವಳ ನಲ್ಲ ಕೊಟ್ಟ ಹೆಸರು ಅದು. ಅಪ್ಪ ಇಟ್ಟಿದ್ದು ಅರ್ತಾನಿಸ್, ಅಮ್ಮ ಇಟ್ಟಿದ್ದು ನೆರ್ವೆನ್. ಆದರೆ 'ಗಲಧ್' ಅನ್ನುವ ಇನ್ನೊಂದು ಪದಕ್ಕೆ ಮರ ಅನ್ನುವ ಅರ್ಥ. ಅವಳು ಮರಗಳ ನಾಡಿನಲ್ಲಿ ಇದ್ದುದರಿಂದ ಕಥೆಯೊಳಗಿನ ಜನರೇ ಎರಡನ್ನೂ ಬೆರೆಸಿ ಗಲಾಧ್ರಿಯೆಲ್ ಅಂದುಬಿಟ್ಟರು. ಅದನ್ನೂ ಟೋಲ್ಕಿನ್ ಬರೆದಿಟ್ಟಿದ್ದಾರೆ. ನಮ್ಮ ದ-ಧ ಅಲ್ಲಿನ ಎರಡು ಧ್ವನಿಗೆ ಹತ್ತಿರ ಬರುತ್ತದೆಯೇ ಹೊರತು ಅದೇ ಅಲ್ಲ. ಆದರೂ ಕನ್ನಡ ಲಿಪಿಯಲ್ಲಿ ಬರೆಯುವಾಗ ಈ ಭೇದ ಉಳಿಸಿಕೊಳ್ಳಿ. ನಮ್ಮ ಲಿಪಿಯಿಂದ ಇನ್ನೊಂದು ಅನುಕೂಲವಿದೆ. ಈ ಭಾಷೆಗಳಲ್ಲಿ 'ಸಿ' ಅಕ್ಷರ ಯಾವಾಗಲೂ ಕ. ಕನ್ನಡದಲ್ಲಿ ಕೆಲೆಬೊರ್ನ್ ಅಂತ ಬರೆದರೆ ಯಾರೂ ಸೆಲೆಬೊರ್ನ್ ಅಂತ ಓದುವುದಿಲ್ಲ.

ಎರಡರಲ್ಲಿ ಒಂದು ಆರಿಸಬೇಕಾದರೆ? ಮಗುವಿಗೆ ಹೊಸದಾಗಿ ಹೆಸರು ಕಟ್ಟುವವರಿಗೆ ಕ್ವೆನ್ಯಾ ಹೇಳುತ್ತೇನೆ. ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ಸಂಧಿ ಕಡಿಮೆ. ಕಥೆಯಲ್ಲಿ ಇರುವ ಹೆಸರನ್ನೇ ಎತ್ತಿಕೊಳ್ಳುವುದಾದರೆ ಸಿಂದಾರಿನ್ ಕೂಡ ಆಗುತ್ತದೆ, ಸಂಧಿಯನ್ನು ಟೋಲ್ಕಿನ್ ಅವರೇ ಮಾಡಿಟ್ಟಿದ್ದಾರೆ.

ಖರ್ಚು? 1977ರಲ್ಲಿ ಬಂದ ಟೋಲ್ಕಿನ್ ಪುಸ್ತಕ ಸಿಲ್ಮರಿಲಿಯನ್‌ನ ಕೊನೆಯಲ್ಲಿ ಹೆಸರುಗಳ ಬೇರುಪದಗಳ ಪಟ್ಟಿ ಇದೆ. ಒಂದು ಪುಸ್ತಕದ ಬೆಲೆಯಲ್ಲಿ ಸಾಕಷ್ಟು ಸಿಗುತ್ತದೆ. ಎಲ್ದಮೋ ಅನ್ನುವ ಉಚಿತ ಆನ್‌ಲೈನ್ ಪದಕೋಶ ಇನ್ನೂ ಆಳಕ್ಕೆ ಹೋಗುತ್ತದೆ. ಅದರಲ್ಲಿ ಟೋಲ್ಕಿನ್ ಬರೆದ ಪದಕ್ಕೂ ಅಭಿಮಾನಿಗಳು ಆಮೇಲೆ ಕಟ್ಟಿದ ಪದಕ್ಕೂ ಬೇರೆ ಬೇರೆ ಗುರುತು ಇರುತ್ತದೆ. ಆ ಗುರುತು ನೋಡದೆ ಮಗುವಿಗೆ ಹೆಸರಿಡಬೇಡಿ.

ದೋತ್ರಾಕಿ ಮತ್ತು ಹೈ ವಲೀರಿಯನ್

ಇವು ಕಿರುತೆರೆಯಿಂದ ಬಂದ ಭಾಷೆಗಳು. ಗೇಮ್ ಆಫ್ ಥ್ರೋನ್ಸ್ ಸರಣಿಗಾಗಿ ಡೇವಿಡ್ ಪೀಟರ್ಸನ್ ಎರಡೂ ಭಾಷೆ ಕಟ್ಟಿದರು. ಆದರೆ ಹೆಸರುಗಳನ್ನು ಇಟ್ಟವರು ಅವರಲ್ಲ. ಕಾದಂಬರಿಕಾರ ಜಾರ್ಜ್ ಮಾರ್ಟಿನ್ ಮೊದಲೇ ಇಟ್ಟಿದ್ದರು. ಮಾರ್ಟಿನ್ ಅವರ ಹತ್ತಿರ ಕೆಲವೇ ಪದ, ಕೆಲವು ಮಾತು ಇದ್ದವು. ಅವುಗಳ ಸುತ್ತ ಪೀಟರ್ಸನ್ ಭಾಷೆ ಬೆಳೆಸಿದರು. ಹೆಸರು ಮೊದಲು, ಭಾಷೆ ಆಮೇಲೆ. ಕಥಾನಾಯಕಿಯ ಹೆಸರು ಡೇನೆರಿಸ್ ಅನ್ನುವುದನ್ನು ಇಸಿಲ್ದುರ್ ಹಾಗೆ ಬಿಡಿಸಲು ಹೋದರೆ ಕೈಗೆ ಏನೂ ಹತ್ತುವುದಿಲ್ಲ. ಕೇಳಲು ಚೆಂದ, ಅರ್ಥ ಕೇಳಿದರೆ ಮೌನ.

ಖಲೀಸಿಯ ವಿಷಯ ಬೇರೆ. ಅದಕ್ಕೆ ಅರ್ಥ ಇದೆ: ಖಲ್‌ನ, ಅಂದರೆ ಕುದುರೆ ದಂಡಿನ ಒಡೆಯನ ಹೆಂಡತಿ. ಪದವಿಯ ಹೆಸರು ಇಡಬಾರದು ಅಂತಲ್ಲ, ನಮ್ಮಲ್ಲೂ ರಾಣಿ ಅಂತ ಇಡುತ್ತಾರೆ. ಆದರೆ ಹೆಂಡತಿ ಅನ್ನುವುದು ಆ ಪದದೊಳಗೇ ಇದೆ, ಅದನ್ನು ತಿಳಿದು ಇಡಿ. 2018ರಲ್ಲಿ ಅಮೆರಿಕದಲ್ಲಿ 500ಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಈ ಹೆಸರಿಟ್ಟರು. ಮರುವರ್ಷ ಮೇ ತಿಂಗಳಲ್ಲಿ ಸರಣಿ ಮುಗಿಯುವ ಹೊತ್ತಿಗೆ ಖಲೀಸಿ ಅನ್ನಿಸಿಕೊಂಡಿದ್ದ ಅದೇ ಡೇನೆರಿಸ್ ಒಂದು ಇಡೀ ನಗರವನ್ನು ಸುಟ್ಟಳು. ಆ ತಾಯಿತಂದೆಯರ ಬಗ್ಗೆ ನನಗೆ ಮರುಕವಿದೆ. ಮುಗಿಯದ ಕಥೆಯಿಂದ ಹೆಸರು ತೆಗೆದುಕೊಂಡರೆ ಇರುವ ಅಪಾಯ ಇದೇ.

ಆದರೆ ಹೆಸರುಗಳನ್ನು ಬಿಟ್ಟು ಪದಗಳ ಕಡೆ ನೋಡಿದರೆ ಹೈ ವಲೀರಿಯನ್ ಒಳ್ಳೆಯ ಗಣಿ. ಹೂರಾ ಅಂದರೆ ಚಂದ್ರ. ಕನ್ನಡದ ಕಿವಿಗೆ ಅದರಲ್ಲಿ ಹೂವೂ ಇದೆ. ಕೇಲಿ ಅಂದರೆ ಬೆಕ್ಕು. ಪೀಟರ್ಸನ್ ತಮ್ಮ ಸ್ವಂತ ಬೆಕ್ಕಿನ ಹೆಸರನ್ನೇ ಭಾಷೆಗೆ ಕೊಟ್ಟರು. ದೋತ್ರಾಕಿಯಲ್ಲಿ ಒಳ್ಳೆಯತನದ ಪದ 'ಎರಿನ್' ಅವರ ಹೆಂಡತಿಯ ಹೆಸರು. ಇಂಥ ಪ್ರೀತಿಯ ಕಥೆ ಹಿಂದೆ ಇರುವ ಪದ ಮುದ್ದಿನ ಹೆಸರಿಗೆ ತುಂಬಾ ಚೆನ್ನಾಗಿ ಒಪ್ಪುತ್ತದೆ. ದುಡ್ಡೂ ಬೇಕಿಲ್ಲ. ಭಾಷೆ ಕಲಿಸುವ ಆ್ಯಪ್ ಡುಯೊಲಿಂಗೊದಲ್ಲಿ 2017ರಲ್ಲಿ ಹೈ ವಲೀರಿಯನ್ ಪಾಠ ಶುರುವಾಯಿತು, ಉಚಿತವಾಗಿ.

ಉಳಿದವು

ಕ್ಲಿಂಗಾನ್ ಭಾಷೆಯನ್ನು ಮಾರ್ಕ್ ಓಕ್ರಾಂಡ್ 1984ರ ಸ್ಟಾರ್ ಟ್ರೆಕ್ ಚಿತ್ರಕ್ಕೆ ಕಟ್ಟಿದರು. ಮರುವರ್ಷ ನಿಘಂಟೇ ಬಂತು. ಯೋಧರ ಭಾಷೆ, ಕಿವಿಗೆ ಒರಟು. ನಮಗೊಂದು ಸಣ್ಣ ಅನುಕೂಲ ಏನೆಂದರೆ ಅದರ ಡಕಾರ ನಮ್ಮ ಡ, ಅದರ ಸಕಾರ ನಮ್ಮ ಷ. ಗೇಮಿನಲ್ಲಿ ಹೋರಾಡುವ ಪಾತ್ರಕ್ಕೆ ಸೊಗಸು, ತೊಟ್ಟಿಲಿಗೆ ಬೇಡ.

ಪಾಲ್ ಫ್ರಾಮರ್ 2009ರ ಅವತಾರ್ ಚಿತ್ರಕ್ಕೆ ಕಟ್ಟಿದ ನಾವಿ ಭಾಷೆಯಲ್ಲಿ ನನಗೆ ಇಷ್ಟವಾಗುವುದು ಹೆಸರಿನ ಜೋಡಣೆ. ಮೊದಲು ಸ್ವಂತ ಹೆಸರು, ಆಮೇಲೆ ಮನೆತನ, ಕೊನೆಗೆ 'ಇಂಥವರ ಮಗಳು' ಅಥವಾ 'ಮಗ'. ಚಿತ್ರದ ನಾಯಕಿ ನೆಯ್ತಿರಿಯ ಪೂರ್ತಿ ಹೆಸರಿನ ಕೊನೆಯಲ್ಲಿ ಬರುವುದು ಅವಳ ತಾಯಿ ಮೊಆತ್. ಕಾದಂಬರಿ ಬರೆಯುವವರು ಈ ಜೋಡಣೆಯನ್ನು ಗಮನಿಸಿ. ಧ್ವನಿಗಳು ಮಾತ್ರ ನಮಗೆ ಕಷ್ಟ. ಗಂಟಲು ಬಿಗಿಹಿಡಿದು ಸಿಡಿಸುವ ಕ ತ ಪ ಇವೆ.

ಬಾಹುಬಲಿಯ ಕಿಲಿಕಿಯನ್ನು ಮದನ್ ಕಾರ್ಕಿ ಕಟ್ಟಿದರು. 2015ರ ಚಿತ್ರಕ್ಕೆ ಸುಮಾರು 750 ಪದ, 40 ವ್ಯಾಕರಣ ಸೂತ್ರ. ಕಾಲಕೇಯರ ಬಾಯಲ್ಲಿ ಕೇಳಿದವರ ಎದೆ ನಡುಗಬೇಕು ಅನ್ನುವುದು ಅದರ ಕೆಲಸ, ಅದನ್ನು ಚೆನ್ನಾಗಿ ಮಾಡುತ್ತದೆ. ಖಳನ ಹೆಸರಿಗೆ ಸ್ಫೂರ್ತಿ ಬೇಕಿದ್ದರೆ ಕೇಳಿ.

ನಿಮ್ಮದೇ ಭಾಷೆ ಕಟ್ಟುವುದು

ಕಾದಂಬರಿಕಾರರಿಗೆ ನಾನು ಒತ್ತಿ ಹೇಳುವ ಆಯ್ಕೆ ಇದು. ಒಂದು ಕಾರಣ ಕಾನೂನು. 1970ರ ದಶಕದಲ್ಲಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದಲ್ಲಿ ಟೋಲ್ಕಿನ್ ಕಥೆಯ ಕುಳ್ಳ ಜನರ ಹೆಸರು 'ಹಾಬಿಟ್' ಇತ್ತು. ಹಕ್ಕುದಾರರು ತಕರಾರು ತೆಗೆದ ಮೇಲೆ ಅದನ್ನು 'ಹಾಫ್ಲಿಂಗ್' ಮಾಡಬೇಕಾಯಿತು. ಮನೆಯೊಳಗಿನ ಹೆಸರಿಗೆ ಈ ತೊಂದರೆ ಇಲ್ಲ. ಅಚ್ಚಾಗಿ ಮಾರಾಟಕ್ಕೆ ಹೋಗುವ ಪುಸ್ತಕಕ್ಕೆ ಇದೆ. ಇನ್ನೊಂದು ಕಾರಣ, ಎರವಲು ಹೆಸರು ಬಂದ ತಕ್ಷಣ ಓದುಗನ ಮನಸ್ಸು ಆ ಇನ್ನೊಂದು ಕಥೆಗೆ ಓಡುತ್ತದೆ.

ಇಡೀ ಭಾಷೆ ಬೇಕಿಲ್ಲ. 20 ಬೇರುಪದ, ಮೂರು ನಾಲ್ಕು ಪ್ರತ್ಯಯ ಸಾಕು. ನನ್ನ ಒಂದು ಕಥೆಗೆ ನಾನು ಮಾಡಿದ್ದು ಹೀಗೆ. 'ಮೀಹ' ಅಂದರೆ ಮಂಜು, 'ತುರ' ಅಂದರೆ ಗುಡ್ಡ, 'ಲೆ' ಅಂದರೆ ಮಗಳು, 'ಗೊ' ಅಂದರೆ ಮಗ. ಮೀಹಲೆ ಮಂಜಿನ ಮಗಳು. ತುರಗೊ ಗುಡ್ಡದ ಮಗ. ಜೋರಾಗಿ ಓದಿದಾಗ ತುರಗ ಅಂತ ಕೇಳಿಸಿತು. ಕನ್ನಡ ಓದುಗನಿಗೆ ಅಲ್ಲಿ ಕುದುರೆ ಬಂದುಬಿಡುತ್ತದೆ. 'ಗೊ' ತೆಗೆದು 'ಶೊ' ಹಾಕಿದೆ, ತುರಶೊ ಆಯಿತು. ಆಮೇಲೆ ಆ ನಾಡಿನ ಬೆಟ್ಟಕ್ಕೆ ತುರಮೀಹ ಅಂತ ಹೆಸರಿಟ್ಟೆ. ಕಥೆಯಲ್ಲಿ ಎಲ್ಲಿಯೂ ಅರ್ಥ ಹೇಳಲಿಲ್ಲ. ಬೆಟ್ಟ ಮಂಜಿನಲ್ಲಿ ಮುಳುಗುವುದನ್ನು ಮಾತ್ರ ಬರೆದೆ. ಮೂರನೇ ಅಧ್ಯಾಯದ ಹೊತ್ತಿಗೆ ಓದಿದವರು ತಾವೇ ಕೇಳಿದರು, "ಮೀಹ ಅಂದ್ರೆ ಮಂಜು ಅಲ್ವಾ?"

ಇದಕ್ಕೂ ಸಮಯ ಇಲ್ಲದವರು ಹಳಗನ್ನಡದ ಕಡೆ ನೋಡಿ. ಟೋಲ್ಕಿನ್ ರೋಹನ್ ನಾಡಿಗೆ ಮಾಡಿದ್ದು ಅದನ್ನೇ. ಮುಖ್ಯ ಪಾತ್ರಗಳ ಮಾತನ್ನು ಈಗಿನ ಇಂಗ್ಲಿಷಿನಲ್ಲಿ ತೋರಿಸಿ, ಅದಕ್ಕೆ ನಂಟಿರುವ ಹಳೆಯ ನುಡಿಯ ಜನಕ್ಕೆ ಹಳೆಯ ಇಂಗ್ಲಿಷ್ ಹೆಸರು ಕೊಟ್ಟರು. ಕನ್ನಡದಲ್ಲೂ ಇದು ಚೆನ್ನಾಗಿ ನಡೆಯುತ್ತದೆ. ಎಲರ್ ಅಂದರೆ ಗಾಳಿ, ನೇಸರ್ ಅಂದರೆ ಸೂರ್ಯ, ಪೆರೆ ಅಂದರೆ ಚಂದ್ರ. ಓದುಗನಿಗೆ ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ಆ ಅರ್ಧದಲ್ಲೇ ಬೇರೆ ಲೋಕದ ವಾಸನೆ ಬರುತ್ತದೆ.

ನಿಮಗೆ ಯಾವುದು

ಮನೆಗೆ ಹೆಸರು ಬೇಕಾದವರಿಗೆ ಕ್ವೆನ್ಯಾದ ಎಲ್ದಮಾರ್ ಇದೆ, ಎಲ್ಫರ ಮನೆ ಅಂತ. ಸಿಂದಾರಿನ್‌ನಲ್ಲಿ ಮನೆಗೆ 'ಬಾರ್' ಅನ್ನುತ್ತಾರೆ, ಅದನ್ನು ನಮ್ಮೂರಿನ ಬೋರ್ಡಿನ ಮೇಲೆ ಬರೆಸಬೇಡಿ. ಬೆಕ್ಕಿಗೆ ಕೇಲಿ. ಕಾದಂಬರಿಗೆ ಸ್ವಂತದ್ದು ಇಲ್ಲವೇ ಹಳಗನ್ನಡ.

ಮಗುವಿಗಾದರೆ ಕ್ವೆನ್ಯಾ, ಸಿಂದಾರಿನ್. ಕನ್ನಡದ ಕಿವಿಯಲ್ಲಿ ಅವು ಏನಾಗುತ್ತವೆ ಅಂತಲೂ ನೋಡಿ. ವರ್ದಾ ಅಂದರೆ ಕ್ವೆನ್ಯಾದಲ್ಲಿ ಉನ್ನತಳು, ನಮಗೆ ವರದಾ ನದಿ ನೆನಪಾಗುತ್ತದೆ. ಒಳ್ಳೆಯದೇ. ವನ್ಯಾ ಅಲ್ಲಿ ಚೆಲುವು, ನಮ್ಮಲ್ಲಿ ಕಾಡಿನದು. ಎರಡೂ ಚೆನ್ನ. ಆದರೆ ರಷ್ಯನ್ನರಲ್ಲಿ ಅದು ಗಂಡಸಿನ ಮುದ್ದಿನ ಹೆಸರು, ವಿದೇಶದಲ್ಲಿ ಇರುವವರು ನೆನಪಿಡಿ. ಯಾವನ್ನಾ ಅಂದರೆ ಹಣ್ಣುಗಳನ್ನು ಕೊಡುವವಳು, ಎಂಥ ಒಳ್ಳೆಯ ಅರ್ಥ. ಆದರೆ ಶಾಲೆಯಲ್ಲಿ ಹಾಜರಿ ಕರೆದಾಗ 'ಯಾವನೋ' ಅಂತ ಕೇಳಿಸುತ್ತದೆ. ಆ ಮಗುವಿಗೆ ಅದು ಬೇಡ. ಅಕ್ಷರದ ಮೇಲೆ ಎರಡು ಚುಕ್ಕೆ, ಗೆರೆ ಇರುವ ಇಂಗ್ಲಿಷ್ ಕಾಗುಣಿತವನ್ನು ಸರಳ ಅಕ್ಷರಕ್ಕೆ ಇಳಿಸಿಯೇ ದಾಖಲೆಗೆ ಕೊಡಿ. ಅವಸರ ಬೇಡ. ಜನನ ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು.

ಒಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಟೋಲ್ಕಿನ್ ತಮ್ಮ ನಾಲ್ವರು ಮಕ್ಕಳಿಗೆ ಇಟ್ಟಿದ್ದು ಜಾನ್, ಮೈಕಲ್, ಕ್ರಿಸ್ಟೋಫರ್, ಪ್ರಿಸಿಲ್ಲಾ. ತಮ್ಮ ಭಾಷೆಯ ಹೆಸರನ್ನು ಅವರು ಬರೆಸಿದ್ದು ಆಕ್ಸ್‌ಫರ್ಡ್‌ನಲ್ಲಿರುವ ಹೆಂಡತಿಯ ಸಮಾಧಿಯ ಕಲ್ಲಿನ ಮೇಲೆ: ಲೂಥಿಯನ್, ಅವರ ಪ್ರೇಮಕಥೆಯೊಂದರ ನಾಯಕಿ. ಎರಡು ವರ್ಷದ ನಂತರ ಅದೇ ಕಲ್ಲಿನ ಮೇಲೆ ಅವರ ಹೆಸರಿನ ಕೆಳಗೆ ಆ ಕಥೆಯ ನಾಯಕ ಬೆರೆನ್ ಹೆಸರು ಸೇರಿತು. ಮನೆಯವರಲ್ಲಿ ಯಾರಿಗಾದರೂ ಇಂಥ ಹೆಸರು ಬೇಡ ಅನ್ನಿಸಿದರೆ ಅವರ ಮಾತಿಗೂ ಬೆಲೆ ಕೊಡಿ.

ತಂಗಿಯ ಮಗು ಹುಟ್ಟಿದ್ದು ಕೃತ್ತಿಕಾ ನಕ್ಷತ್ರದಲ್ಲಿ. ಪಂಚಾಂಗದ ಪ್ರಕಾರ ಅ, ಇ, ಉ, ಎ. ಆರ್ವೆನ್, ಎಲನೋರ್ ಎರಡಕ್ಕೂ ದಾರಿ ಇತ್ತು. ಎಲನೋರ್ ಕಥೆಯಲ್ಲಿ ಬರುವುದು ಹೇಗೆ ಅಂತ ನಾನು ಫೋನಿನಲ್ಲಿ ಹೇಳಿದೆ. ಟೋಲ್ಕಿನ್ ಕಥೆಯ ಸ್ಯಾಮ್ ಒಬ್ಬ ತೋಟಗಾರ. ಅವರ ಊರಲ್ಲಿ ಹೆಣ್ಣುಮಕ್ಕಳಿಗೆ ಹೂವಿನ ಹೆಸರಿಡುವುದು ರೂಢಿ. ತಾನು ದೂರದ ಕಾಡಿನಲ್ಲಿ ನೋಡಿದ್ದ ನಕ್ಷತ್ರದಾಕಾರದ ಹೊನ್ನಿನ ಬಣ್ಣದ ಹೂವಿನ ಹೆಸರನ್ನು, ಗೆಳೆಯ ನೆನಪಿಸಿದ ಮೇಲೆ, ಮೊದಲ ಮಗಳಿಗೆ ಇಡುತ್ತಾನೆ.

ಭಾವ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಎಲನೋರ್ ಅಂತ ಬರೆದರು. ಕೊನೆಯ ರ್ ಬರೆಯಲು ಜಾಗ ಸಾಲದೆ ಅಕ್ಕಿ ಸರಿಸಬೇಕಾಯಿತು. ಬಂದವರೆಲ್ಲ ಕೇಳುತ್ತಿದ್ದರು, ಇದ್ಯಾವ ಹೆಸರು, ಅರ್ಥ ಏನು ಅಂತ. ತಂಗಿ ಬಾಯಿ ತೆರೆಯುವ ಮೊದಲೇ ತೊಟ್ಟಿಲು ತೂಗುತ್ತಿದ್ದ ಅಜ್ಜಿ ಹೇಳುತ್ತಿದ್ದರು. "ಹೂವಿನ ಹೆಸರು ಕಣಮ್ಮ. ಸೂರ್ಯನೂ ಅದರಲ್ಲೇ, ನಕ್ಷತ್ರನೂ ಅದರಲ್ಲೇ."